ಇಲ್ಲೊಂದು ಬಾವಿ ಇದ್ದು

ಮಳೆ ಕೈಕೊಟ್ಟಿದ್ದ ಒಂದು ವರ್ಷದ ಮೇ ತಿಂಗಳಲ್ಲಿ ಲಿಂಗನಮಕ್ಕಿಯ ಹಿನ್ನೀರು ತೀರಾ ಕೆಳಗಿಳಿದಿತ್ತು. ಬಿರುಕುಬಿಟ್ಟ ಗೋಡುಮಣ್ಣಿನ ಬಯಲಿನಲ್ಲಿ ದೊಡ್ಡಮ್ಮ ಮುಂದೆ, ನಾನೂ ಬಯಲುಸೀಮೆಯಿಂದ ಬಂದಿದ್ದ ನನ್ನ ಸ್ನೇಹಿತನೂ ಅವರ ಹಿಂದೆ, ಒಂದು ತಾಸಿಗಿಂತ ಹೆಚ್ಚೇ ನಡೆದಿದ್ದೆವು. ದಾರಿಯೆಂಬುದು ಎಲ್ಲೂ ಇರಲಿಲ್ಲ. ಅರ್ಧ ಶತಮಾನ ನೀರಿನಲ್ಲಿ ನಿಂತು ಕಪ್ಪಾಗಿದ್ದ ಮರದ ಬೊಡ್ಡೆಗಳು, ಅಲ್ಲೊಂದು ಇಲ್ಲೊಂದು ಕಲ್ಲಿನ ಸಾಲು, ಒಣಗಿದ ಚಿಪ್ಪುಗಳು, ಅಷ್ಟೇ. ದೊಡ್ಡಮ್ಮ ಮಾತ್ರ ನಿತ್ಯ ಓಡಾಡುವ ದಾರಿಯ ಮೇಲೆ ಹೋಗುವವರಂತೆ ಹೋಗುತ್ತಿದ್ದರು. ನಮಗೆ ಕಾಣದ ಒಂದು ತಿರುವಿನಲ್ಲಿ ತಿರುಗಿದರು. ನಮಗೆ ಕಾಣದ ಒಂದು ದಣಪೆಯನ್ನು, ಬೇಲಿಯ ದಾಟುದಾರಿಯನ್ನು, ದಾಟುವಾಗ ಸೀರೆಯ ನೆರಿಗೆಯನ್ನು ತುಸು ಎತ್ತಿಹಿಡಿದರು. ಆಮೇಲೆ ಗಕ್ಕನೆ ನಿಂತು, ನಮ್ಮನ್ನು ತಡೆಯಲು ಕೈಯನ್ನು ಅಡ್ಡ ಚಾಚಿ, “ಇಲ್ಲೊಂದು ಬಾವಿ ಇದ್ದು” ಎಂದರು.

ಸ್ನೇಹಿತ ಮುಂದಿನ ಮಾತಿಗಾಗಿ ಕಾದ. ಅವನ ಕಿವಿಗೆ ಆ ವಾಕ್ಯ ಮುಗಿದಿರಲಿಲ್ಲ. ಗ್ರಂಥಸ್ಥ ಕನ್ನಡದಲ್ಲಿ “ಇದ್ದು” ಎಂಬುದು ತನ್ನಷ್ಟಕ್ಕೆ ನಿಲ್ಲಲಾರದ ರೂಪ. ಆಗಿಹೋದದ್ದನ್ನು ಹೇಳಿ, ಮುಂದೇನಾಯಿತು ಎಂಬುದಕ್ಕೆ ಇನ್ನೊಂದು ಕ್ರಿಯಾಪದವನ್ನು ಬೇಡುವ ರೂಪ. ಬಾವಿಯೊಂದು ಇದ್ದು, ಅದು ಮುಚ್ಚಿಹೋಯಿತು ಎಂದೋ, ಬಾವಿಯೊಂದು ಇದ್ದು, ಅದರ ನೀರು ಸಿಹಿಯಾಗಿತ್ತು ಎಂದೋ ಏನಾದರೂ ಬರಬೇಕು. ಆದರೆ ನಮ್ಮ ಕಡೆಯ ಹವ್ಯಕ ಕನ್ನಡದಲ್ಲಿ “ಇದ್ದು” ಎಂದರೆ “ಇದೆ”. ದೊಡ್ಡಮ್ಮ ಹೇಳಿದ್ದು ಇಷ್ಟೇ: ಇಲ್ಲೊಂದು ಬಾವಿ ಇದೆ, ಬಿದ್ದೀರಿ. ನಾನು ಇದನ್ನು ಸ್ನೇಹಿತನಿಗೆ ವಿವರಿಸುವಷ್ಟರಲ್ಲಿ ಅವನು ಕಾಲಿನಿಂದ ಮಣ್ಣನ್ನು ಕೆರೆದಿದ್ದ. ಹೂಳು ತುಂಬಿ ನೆಲಕ್ಕೆ ಸಮನಾಗಿದ್ದ ಆ ಜಾಗದಲ್ಲಿ ಬಾವಿಕಟ್ಟೆಯ ಕಲ್ಲಿನ ಬಾಗು ಒಂದು ಗೇಣಿನಷ್ಟು ಕಾಣಿಸಿತು. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಬಿಟ್ಟುಬಂದ ಅಂಗಳದ ಬಾವಿಗೆ ನಾವು ಬೀಳದಂತೆ, ಅರವತ್ತು ದಾಟಿದ ಆಕೆ ನಮ್ಮನ್ನು ತಡೆದಿದ್ದರು.

ಅಲ್ಲಿಂದ ದೂರದಲ್ಲಿ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಕಾಣುತ್ತಿತ್ತು. ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲೆಂದು 1939ರಲ್ಲಿ ಆರಂಭಿಸಿ 1948ರ ಹೊತ್ತಿಗೆ ಮುಗಿಸಿದ, ಮಡೆನೂರು ಅಣೆಕಟ್ಟೆಂದು ಊರವರು ಕರೆಯುವ ಕಟ್ಟಡ ಅದು. ಅದರ ಬೆನ್ನಿಗೆ ಸಾಲಾಗಿ ನಿಂತಿರುವ ಸೈಫನ್‌ಗಳು, ಎಂಜಿನಿಯರ್ ಗಣೇಶ ಅಯ್ಯರ್ ಅವರ ವಿನ್ಯಾಸ, ಆ ಕಾಲಕ್ಕೆ ಹೆಮ್ಮೆಯ ಕೌಶಲ. ಕಟ್ಟಿ ಹದಿನಾರು ವರ್ಷವಾಗುವಷ್ಟರಲ್ಲಿ, 1964ರಲ್ಲಿ, ಕೆಳಗಡೆ ಎದ್ದ ಲಿಂಗನಮಕ್ಕಿಯ ನೀರಿನಲ್ಲಿ ಅದು ತಾನೇ ಮುಳುಗಿತು. ಊರುಗಳನ್ನು ಮುಳುಗಿಸಿದ್ದ ಅಣೆಕಟ್ಟು ಊರುಗಳ ಜೊತೆಯಲ್ಲೇ ಮುಳುಗಿತು. ಬರ ಬಂದಾಗ ಎರಡೂ ಒಟ್ಟಿಗೇ ಮೇಲೇಳುತ್ತವೆ. ಇವೆರಡನ್ನು ಒಂದೇ ನೋಟದಲ್ಲಿ ಕಂಡ ಆ ಮಧ್ಯಾಹ್ನ ನನ್ನನ್ನು ಬಿಟ್ಟಿಲ್ಲ. ಕಾಲವು ಸಾಲಾಗಿ ಸಾಗುತ್ತದೆ, ಹಿಂದಿನದು ಹಿಂದಾಗಿ ಮುಂದಿನದಕ್ಕೆ ಜಾಗ ಕೊಡುತ್ತದೆ ಎಂದು ಶಾಲೆಯಲ್ಲಿ ಕಲಿತ ನಂಬಿಕೆಯನ್ನು ಅದು ಒಳಗಿನಿಂದ ಸಡಿಲಿಸಿತು. ಆ ಸಡಿಲಿಕೆಯಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಇಲ್ಲಿ ಯೋಚಿಸಿ ನೋಡಬೇಕಾಗಿದೆ.

ಸೆಳವಿನ ಜೊತೆ ಈಜುವುದು

ಆ ದಿನಗಳಲ್ಲಿ ನಾನು ಓದುತ್ತಿದ್ದದ್ದು ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1940ರ ಮೊದಲ ತಿಂಗಳುಗಳಲ್ಲಿ ಇತಿಹಾಸವನ್ನು ಕುರಿತು ಬರೆದ ಹದಿನೆಂಟು ಚಿಕ್ಕ ಟಿಪ್ಪಣಿಗಳನ್ನು. ಬರೆದ ಹೊತ್ತು ಮುಖ್ಯ. ಹಿಂದಿನ ವರ್ಷದ ಆಗಸ್ಟಿನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್‌ರ ನಡುವೆ ಒಪ್ಪಂದವಾಗಿತ್ತು. ಫ್ಯಾಸಿಸಮ್ಮಿಗೆ ಎದುರು ನಿಲ್ಲುತ್ತಾರೆಂದು ನಂಬಿದ್ದವರೇ ಅದರೊಡನೆ ಕೈ ಕುಲುಕಿದ್ದರು. ಜರ್ಮನಿಯಿಂದ ಓಡಿಬಂದ ಯಹೂದಿಯಾಗಿ ಪ್ಯಾರಿಸ್ಸಿನಲ್ಲಿದ್ದ ಬೆಂಜಮಿನ್, ಆ ಟಿಪ್ಪಣಿಗಳನ್ನು ಬರೆದ ಕೆಲವೇ ತಿಂಗಳಲ್ಲಿ, ಪಿರಿನೀಸ್ ಪರ್ವತವನ್ನು ಕಾಲ್ನಡಿಗೆಯಲ್ಲಿ ದಾಟಿ ಸ್ಪೇನಿನ ಗಡಿಯೂರು ಪೋರ್ತ್‌ಬೂ ತಲುಪಿ, ಅಲ್ಲಿ ಮುಂದೆ ಹೋಗಲು ಬಿಡುವುದಿಲ್ಲವೆಂದು ತಿಳಿದಾಗ, ಸೆಪ್ಟೆಂಬರ್ 26ರ ರಾತ್ರಿ ಪ್ರಾಣ ಬಿಟ್ಟರು. ಟಿಪ್ಪಣಿಗಳ ಪ್ರತಿಯೊಂದು ಗೆಳತಿ, ಚಿಂತಕಿ ಹನ್ನಾ ಅರೆಂಟ್ ಅವರ ಕೈಯಲ್ಲಿ ಅಟ್ಲಾಂಟಿಕ್ ದಾಟಿ ಉಳಿಯಿತು.

ಅವುಗಳಲ್ಲಿ ಎಲ್ಲರೂ ನೆನೆಯುವುದು ಕಲಾವಿದ ಪೌಲ್ ಕ್ಲೇಯ 1920ರ ಚಿತ್ರದಲ್ಲಿರುವ ದೇವದೂತನನ್ನು. ಬೆಂಜಮಿನ್ ಆ ಚಿತ್ರವನ್ನು ಮರುವರ್ಷವೇ ಕೊಂಡು ಬಹುಕಾಲ ಜೊತೆಯಲ್ಲಿಟ್ಟುಕೊಂಡಿದ್ದರು. ದೂತನ ಮುಖ ಗತದ ಕಡೆಗಿದೆ. ನಾವು ಘಟನೆಗಳ ಸರಪಳಿಯನ್ನು ಕಾಣುವಲ್ಲಿ ಅವನು ಕಾಣುವುದು ಒಂದೇ ಒಂದು ದುರಂತವನ್ನು, ಕಾಲಬುಡದಲ್ಲಿ ರಾಶಿ ಬೀಳುತ್ತಲೇ ಇರುವ ಭಗ್ನಾವಶೇಷವನ್ನು. ನಿಂತು, ಸತ್ತವರನ್ನು ಎಬ್ಬಿಸಿ, ಒಡೆದದ್ದನ್ನು ಜೋಡಿಸುವ ಆಸೆ ಅವನಿಗೆ. ಆದರೆ ಸ್ವರ್ಗದ ಕಡೆಯಿಂದ ಬೀಸುವ ಬಿರುಗಾಳಿ ರೆಕ್ಕೆಗಳಿಗೆ ಸಿಕ್ಕಿ, ಅವನು ಬೆನ್ನು ಮಾಡಿರುವ ಭವಿಷ್ಯದತ್ತ ಅವನನ್ನು ತಳ್ಳುತ್ತದೆ. ನಾವು ಪ್ರಗತಿ ಎನ್ನುವುದು ಆ ಗಾಳಿಯನ್ನು. ಮೊದಲ ಸಲ ಓದಿದಾಗ ಇದು ವಿಚಿತ್ರವಾದ ದೇಹಭಂಗಿ ಅನ್ನಿಸಿತ್ತು. ಆಮೇಲೆ ನಮ್ಮದೇ ಪದಗಳು ಹೊಳೆದವು. ಕನ್ನಡದಲ್ಲಿ ಬರಲಿರುವುದು “ಮುಂದೆ”, ಹೋದದ್ದು “ಹಿಂದೆ”, ಇಷ್ಟು ಸರಿ. ಆದರೆ “ಮುನ್ನ”, “ಮುಂಚೆ”, “ಮುನ್ನಾದಿನ” ಎಂದಾಗ ಅದೇ “ಮುನ್” ಎಂಬ ಬೇರು ಹೋದ ದಿನವನ್ನು ನಮ್ಮ ಮುಖದೆದುರಿಗೆ ತಂದಿಡುತ್ತದೆ. ಭಾಷೆ ಎಂದೋ ಒಂದು ಕಾಲದಲ್ಲಿ ಎರಡೂ ಕಡೆಗೆ ಮುಖ ಮಾಡಿ ನಿಂತಿತ್ತು, ಆ ನಿಲುವಿನ ಗುರುತು ನಮ್ಮ ಬಾಯಲ್ಲಿ ಇನ್ನೂ ಇದೆ.

ಆದರೆ ದೂತನ ಚಿತ್ರಕ್ಕಿಂತ ನನ್ನನ್ನು ಹೆಚ್ಚು ಹಿಡಿದದ್ದು ಅದರ ಸುತ್ತಲಿನ ವಾದ. ಪ್ರಗತಿಯ ಕಲ್ಪನೆಯನ್ನು ಟೀಕಿಸುವವರು ಸಾಮಾನ್ಯವಾಗಿ ಪ್ರಗತಿ ಆಗಿಲ್ಲವೆಂದು, ಇಲ್ಲವೇ ಅದರ ಬೆಲೆ ಹೆಚ್ಚಾಯಿತೆಂದು ವಾದಿಸುತ್ತಾರೆ. ಬೆಂಜಮಿನ್ ಕೇಳಿದ್ದು ಇನ್ನೂ ಕೆಳಗಿನ ಪ್ರಶ್ನೆ: ಮನುಷ್ಯಕುಲ ಮುಂದುವರಿಯುತ್ತದೆ ಎನ್ನುವುದಕ್ಕೆ ಅದು ಯಾವುದರೊಳಗೆ ಮುಂದುವರಿಯಬೇಕು? ಎಲ್ಲ ಕ್ಷಣವೂ ಒಂದೇ ಅಳತೆಯದಾಗಿರುವ, ಏನನ್ನು ಬೇಕಾದರೂ ತುಂಬಬಹುದಾದ, ಖಾಲಿಯಾದ ಸಮರೂಪಿ ಕಾಲದೊಳಗೆ. 1687ರಲ್ಲಿ ನ್ಯೂಟನ್ ಭೌತಶಾಸ್ತ್ರಕ್ಕೆ ಬೇಕೆಂದು ಕಲ್ಪಿಸಿದ, ಹೊರಗಿನ ಯಾವುದರ ಹಂಗೂ ಇಲ್ಲದೆ ಸಮನಾಗಿ ಹರಿಯುವ ಕಾಲವನ್ನು ಇತಿಹಾಸಕಾರರು ಕಡ ತಂದು ಮನುಷ್ಯರ ಬಾಳಿಗೆ ಪಾತ್ರೆಯಾಗಿ ಬಳಸಿದರು. ಆ ಪಾತ್ರೆಯೊಳಗೆ ಸುರಿದಾಗ ಯಾವ ಸಾವೂ ಒಂದು ತಾರೀಖಾಗುತ್ತದೆ, ತಾರೀಖು ಮುಂದಿನ ತಾರೀಖಿಗೆ ದಾರಿ ಬಿಡುತ್ತದೆ. ಜಪಮಾಲೆಯ ಮಣಿಗಳನ್ನು ಎಣಿಸುವಂತೆ ಘಟನೆಗಳನ್ನು ಬೆರಳಿನಲ್ಲಿ ಜಾರಿಸುತ್ತ ಹೋಗುವುದನ್ನು ಇತಿಹಾಸಕಾರ ನಿಲ್ಲಿಸಬೇಕು ಎಂದು ಬೆಂಜಮಿನ್ ಬಯಸಿದರು. ನಿಲ್ಲಿಸಿ, ತನ್ನ ಕಾಲವು ಹಿಂದಿನ ಯಾವ ನಿರ್ದಿಷ್ಟ ಕಾಲದೊಡನೆ ಮುಖಾಮುಖಿಯಾಗಿದೆ ಎಂದು ಗುರುತಿಸಬೇಕು.

ಇದು ಆಗ ಬರಿಯ ತತ್ತ್ವಶಾಸ್ತ್ರದ ಮಾತಾಗಿರಲಿಲ್ಲ. ಜರ್ಮನಿಯ ಕಾರ್ಮಿಕ ಚಳವಳಿಯನ್ನು ಬೇರೆ ಯಾವುದೂ ಕೆಡಿಸದಷ್ಟು ಕೆಡಿಸಿದ್ದು, ತಾನು ಹೊಳೆಯ ಸೆಳವಿನ ಜೊತೆಯಲ್ಲೇ ಈಜುತ್ತಿದ್ದೇನೆ ಎಂಬ ಅದರ ನಂಬಿಕೆ ಎನ್ನುತ್ತಾರೆ ಅವರು. ಇತಿಹಾಸ ತನ್ನ ಕಡೆಗಿದೆ ಎಂದು ತಿಳಿದವನು ಎದುರು ನಿಲ್ಲುವುದನ್ನು ಮರೆಯುತ್ತಾನೆ. ಇಪ್ಪತ್ತನೆಯ ಶತಮಾನದಲ್ಲೂ ಇಂಥದ್ದು ನಡೆಯುತ್ತಿದೆಯಲ್ಲ ಎಂದು ಬೆರಗಾಗುವವರ ಬಗೆಗೆ ಅವರು ಅಸಹನೆಯಿಂದ ಬರೆದದ್ದು ಇದೇ ಕಾರಣಕ್ಕೆ. ಆ ಬೆರಗಿನ ಅಡಿಯಲ್ಲಿ ಶತಮಾನಗಳು ತಾವಾಗಿ ಸುಧಾರಿಸುತ್ತ ಹೋಗುತ್ತವೆಂಬ ಸೋಮಾರಿ ಭರವಸೆ ಇದೆ. ಕ್ರಾಂತಿಗಳು ಇತಿಹಾಸದ ರೈಲುಎಂಜಿನ್ನುಗಳು ಎಂದು ಮಾರ್ಕ್ಸ್ ಹೇಳಿದ್ದರು. ಬಹುಶಃ ಅವು ರೈಲಿನಲ್ಲಿರುವವರು ತುರ್ತು ಸರಪಳಿಗೆ ಕೈ ಹಾಕುವ ಕ್ಷಣಗಳು ಎಂದು ಬೆಂಜಮಿನ್ ತಮ್ಮ ಕರಡು ಟಿಪ್ಪಣಿಯೊಂದರಲ್ಲಿ ಬರೆದುಕೊಂಡರು. 1830ರ ಜುಲೈ ಕ್ರಾಂತಿಯ ಮೊದಲ ಸಂಜೆ ಪ್ಯಾರಿಸ್ಸಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಹಲವು ಕಡೆಗಳಲ್ಲಿ ಒಂದೇ ಹೊತ್ತಿಗೆ, ಜನ ಗೋಪುರದ ಗಡಿಯಾರಗಳಿಗೆ ಗುಂಡು ಹಾರಿಸಿದರಂತೆ ಎಂಬ ವರದಿಯನ್ನು ಅವರು ಆ ಹದಿನೆಂಟು ಟಿಪ್ಪಣಿಗಳಲ್ಲೊಂದರಲ್ಲಿ ನೆನೆಯುತ್ತಾರೆ.

ದೊಡ್ಡಮ್ಮನ ಚಾಚಿದ ಕೈ ನನಗೆ ಇಲ್ಲಿ ನೆನಪಾಗುತ್ತದೆ. ಅದು ಗತವನ್ನು ನೆನೆದು ಮರುಗಿದ ಕೈಯಲ್ಲ. ನಮ್ಮ ನಡಿಗೆಯನ್ನು ತಡೆದ ಕೈ.

ಕ್ರೋಧಿ ಮರಳಿ ಬಂದಾಗ

ಕಾಲದ ಸರಳರೇಖೆಯನ್ನು ಪ್ರಶ್ನಿಸಿದ ಕೂಡಲೇ ನಮ್ಮಲ್ಲಿ ಸಿಗುವ ಉತ್ತರ ಸಿದ್ಧವಾಗಿಯೇ ಇರುತ್ತದೆ: ರೇಖೆ ಪಶ್ಚಿಮದ್ದು, ಚಕ್ರ ನಮ್ಮದು. ನಾನೂ ಕೆಲವು ಕಾಲ ಇದನ್ನು ನಂಬಿದ್ದೆ. ನಂಬಿಕೆ ಬಿಟ್ಟುಹೋದದ್ದು ದೊಡ್ಡಮ್ಮನ ಮನೆಯಲ್ಲಿ, ಅವರ ತಂದೆಯ ತಿಥಿಯ ದಿನ. ಪುರೋಹಿತರು ಸಂಕಲ್ಪ ಹೇಳುತ್ತಿದ್ದರು. ವೈವಸ್ವತ ಮನ್ವಂತರ, ಕಲಿಯುಗ, ಪ್ರಥಮಪಾದ, ಗೋದಾವರಿಯ ದಕ್ಷಿಣ ತೀರ, ಶಾಲಿವಾಹನ ಶಕ, ಬೌದ್ಧಾವತಾರ, ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಎಷ್ಟೋ ಸಲ ಕೇಳಿದ್ದ ಈ ಮಾತುಗಳನ್ನು ಆ ದಿನ ಕಿವಿಗೊಟ್ಟು ಕೇಳಿದಾಗ, ಅದರೊಳಗೆ ಒಂದೇ ಬಗೆಯ ಕಾಲ ಇಲ್ಲವೆಂಬುದು ಹೊಳೆಯಿತು. ಊಹೆಗೆ ನಿಲುಕದಷ್ಟು ದೊಡ್ಡ ಚಕ್ರಗಳೊಳಗೆ, ಒಂದೊಂದಾಗಿ ಕೂಡುತ್ತ ಹೋಗುವ ಶಕವರ್ಷದ ನೇರ ಎಣಿಕೆ ಇದೆ. ಅದರ ಪಕ್ಕದಲ್ಲಿ ಅರವತ್ತಕ್ಕೊಮ್ಮೆ ಮರಳುವ ಸಂವತ್ಸರದ ಹೆಸರಿದೆ. ಇವೆಲ್ಲವೂ ಒಂದು ನದಿಯ ಯಾವ ದಂಡೆಯಲ್ಲಿ ಕುಳಿತಿದ್ದೇವೆ ಎಂಬುದಕ್ಕೆ ಕಟ್ಟುಬಿದ್ದಿವೆ. ನಮ್ಮ ಹಿಂದಿನವರು ರೇಖೆಯನ್ನು ಅರಿಯದೆ ಚಕ್ರವನ್ನು ನಂಬಿದವರಲ್ಲ. ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ತನ್ನ ಶಾಸನಕ್ಕೆ ಎರಡು ಲೆಕ್ಕ ಕೊಡುತ್ತಾನೆ: ಭಾರತ ಯುದ್ಧ ಕಳೆದು 3735 ವರ್ಷ, ಶಕರಾಜರ ಕಾಲದಲ್ಲಿ 556 ವರ್ಷ, ನಮ್ಮ ಎಣಿಕೆಗೆ ಕ್ರಿ.ಶ. 634-35. ಎರಡು ಬೇರೆ ಬೇರೆ ಆರಂಭಗಳಿಂದ ಹೊರಟ ಎರಡು ನೇರ ಎಣಿಕೆಗಳು ಒಂದೇ ಗೋಡೆಯ ಮೇಲೆ ಸಂಧಿಸುತ್ತವೆ, ಅವನಿಗೆ ಅದರಲ್ಲಿ ಯಾವ ತೊಡಕೂ ಕಂಡಂತಿಲ್ಲ. ಭಾರತಕ್ಕೆ ಇತಿಹಾಸವಿಲ್ಲ ಎಂದು ಜರ್ಮನ್ ತತ್ತ್ವಜ್ಞಾನಿ ಹೆಗೆಲ್ ಬರ್ಲಿನ್ನಿನಲ್ಲಿ ಕುಳಿತು ಉಪನ್ಯಾಸ ಮಾಡಿದ್ದಕ್ಕೂ, ನಮಗೆ ಇತಿಹಾಸ ಬೇಕಿಲ್ಲ, ಚಕ್ರವಿದೆ ಎಂದು ನಾವು ಹೆಮ್ಮೆಪಡುವುದಕ್ಕೂ ಬಹಳ ದೂರವಿಲ್ಲ. ಈ ಇಬ್ಭಾಗವನ್ನು ಇತಿಹಾಸಕಾರ್ತಿ ರೋಮಿಲಾ ಥಾಪರ್ ಅವರು ದಾಖಲೆಗಳನ್ನಿಟ್ಟು ಒಡೆದದ್ದು ನಾವು ಇನ್ನೂ ಚೆನ್ನಾಗಿ ಅರಗಿಸಿಕೊಳ್ಳಬೇಕಾದ ಕೆಲಸ.

ಚಕ್ರದ ಬಗೆಗಿನ ನನ್ನ ಅನುಮಾನಕ್ಕೆ ಇನ್ನೊಂದು ಕಾರಣವಿದೆ. ಲಿಂಗನಮಕ್ಕಿಯ ನೀರು ನಿಂತ 1964ರ ಯುಗಾದಿಗೆ ಹುಟ್ಟಿದ್ದು ಕ್ರೋಧಿ ಸಂವತ್ಸರ. ಅರವತ್ತು ವರ್ಷ ತುಂಬಿ 2024ರ ಯುಗಾದಿಗೆ ಕ್ರೋಧಿ ಮತ್ತೆ ಬಂತು. ಹೆಸರು ಬಂತು, ಮನೆ, ಅಂಗಳ, ತೋಟ ಯಾವುದೂ ಬರಲಿಲ್ಲ. ಮರುವರ್ಷ, 2025ರ ಜುಲೈನಲ್ಲಿ, ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು. ನೀರು ಬಂದು ಸುತ್ತುವರಿದ ದಿನದಿಂದ ಲಾಂಚನ್ನೇ ನೆಚ್ಚಿಕೊಂಡಿದ್ದ ತುಮರಿ ಸೀಮೆಯ ಜನಕ್ಕೆ ಅದು ನಿಜವಾದ ಬಿಡುಗಡೆ. ಹೆರಿಗೆಗೆ, ಹಾವು ಕಡಿದದ್ದಕ್ಕೆ ಆಸ್ಪತ್ರೆಗೆ ಹೊರಟು ದಂಡೆಯಲ್ಲಿ ಕಾದವರಿಗೆ ಅದರ ಬೆಲೆ ಗೊತ್ತು. ಪ್ರಗತಿಯ ಟೀಕೆಯ ಹೆಸರಿನಲ್ಲಿ ಆ ಸೇತುವೆಯನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ. ಆದರೆ ಸೇತುವೆ ಬಂದದ್ದರಿಂದ ನಡುವಿನ ಅರವತ್ತು ವರ್ಷಗಳ ಕಾಯುವಿಕೆ ಒಂದು ಹಂತವಾಗಿತ್ತು, ಇಲ್ಲಿಗೆ ತಲುಪಲು ಬೇಕಾಗಿದ್ದ ದಾರಿಯಾಗಿತ್ತು ಎಂದು ಯಾರಾದರೂ ಹೇಳಿದರೆ, ಅದನ್ನು ಒಪ್ಪಲಾರೆ. ಆ ವರ್ಷಗಳಲ್ಲಿ ದಂಡೆಯಲ್ಲೇ ಸತ್ತವರಿಗೆ ಸೇತುವೆ ಕೊನೆಯ ಅಧ್ಯಾಯವಲ್ಲ.

ಎಲ್ಲವೂ ಮರಳುತ್ತದೆ ಎಂಬ ನಂಬಿಕೆಯೂ ಎಲ್ಲವೂ ಮುಂದುವರಿಯುತ್ತದೆ ಎಂಬ ನಂಬಿಕೆಯೂ ಒಂದೇ ನಾಣ್ಯದವು ಎಂದು ಬೆಂಜಮಿನ್‌ಗೂ ಅನ್ನಿಸಿತ್ತು. ಪ್ಯಾರಿಸ್ಸಿನ ಬಂಡಾಯಗಾರ ಬ್ಲಾಂಕಿ ಸೋತು ಸೆರೆಯಲ್ಲಿ ಕುಳಿತು, ಅನಂತ ನಕ್ಷತ್ರಗಳಲ್ಲಿ ಇದೇ ಕೋಣೆ, ಇದೇ ಮೇಜು, ಇದೇ ಸೋಲು ಕೊನೆಯಿಲ್ಲದೆ ಮರುಕಳಿಸುತ್ತಿರುತ್ತವೆ ಎಂದು ಬರೆದು 1872ರಲ್ಲಿ ಪ್ರಕಟಿಸಿದ್ದನ್ನು ಅವರು ತಮ್ಮ ಕೊನೆಯ ವರ್ಷಗಳಲ್ಲಿ ಓದಿ ತಲ್ಲಣಿಸಿದರು. ಹಾಗಾದರೆ ಬೆಂಜಮಿನ್ ಹಬ್ಬಗಳನ್ನು ಹೊಗಳಿದ್ದೇಕೆ? ಗಡಿಯಾರ ಎಣಿಸುವಂತೆ ಪಂಚಾಂಗ ಎಣಿಸುವುದಿಲ್ಲ, ನೆನಪಿನ ದಿನಗಳಲ್ಲಿ ಒಂದೇ ದಿನ ಮತ್ತೆ ಮತ್ತೆ ಬರುತ್ತದೆ ಎಂದು ಅವರು ಹೇಳಿದ್ದರಲ್ಲಿ ನನಗೆ ಮೊದಲು ವಿರೋಧ ಕಂಡಿತು. ಉತ್ತರ ಸಿಕ್ಕಿದ್ದು ನಮ್ಮ “ತಿಥಿ” ಎಂಬ ಪದದಲ್ಲಿ. ಚಾಂದ್ರಮಾನದ ಯಾವ ದಿನಕ್ಕೂ ಅದೇ ಹೆಸರು, ಸತ್ತವರಿಗೆ ಅನ್ನವಿಡುವ ದಿನಕ್ಕೂ ಅದೇ ಹೆಸರು. ತಿಥಿಯ ದಿನ ಅಜ್ಜ ಮರಳಿ ಬರುತ್ತಾರೆಂದು ಯಾರೂ ಬಾಗಿಲು ಕಾಯುವುದಿಲ್ಲ. ಅಂದು ಮರಳುವುದು ಅಜ್ಜನಿಗೆ ನಮ್ಮಿಂದ ಸಲ್ಲಬೇಕಾದದ್ದು. ಚಕ್ರ ತಿರುಗಿ ಸಾಂತ್ವನ ತರುವುದಿಲ್ಲ. ತೀರದ ಋಣವನ್ನು ಮತ್ತೆ ಎಲೆಯ ಮುಂದೆ ತಂದಿಡುತ್ತದೆ.

ಇಲ್ಲಿ ಬೌದ್ಧ ದಾರ್ಶನಿಕ ನಾಗಾರ್ಜುನನ ಹೆಸರನ್ನು ಹೇಳದೆ ಹೋಗಲಾರೆ. ಮೂಲಮಧ್ಯಮಕ ಕಾರಿಕೆಗಳ ಹತ್ತೊಂಬತ್ತನೆಯ ಪ್ರಕರಣ ಕಾಲಪರೀಕ್ಷೆ. ಬರಿಯ ಆರು ಕಾರಿಕೆಗಳು. ವರ್ತಮಾನ, ಭವಿಷ್ಯ ಎರಡೂ ಗತವನ್ನು ಅವಲಂಬಿಸಿವೆ ಎಂದಾದರೆ ಅವು ಗತದಲ್ಲೇ ಇರಬೇಕಾಗುತ್ತದೆ. ಅಲ್ಲಿ ಇಲ್ಲವೆಂದಾದರೆ ಅವಲಂಬಿಸುವುದು ಹೇಗೆ? ನಿಲ್ಲದ ಕಾಲವನ್ನು ಹಿಡಿಯಲಾಗದು, ಹಿಡಿಯಬಹುದಾದಂತೆ ನಿಂತ ಕಾಲವೊಂದು ಇಲ್ಲ. ಕಾಲ ಇರುವುದು ವಸ್ತುಗಳನ್ನು ಅವಲಂಬಿಸಿ. ವಸ್ತುವೇ ಸ್ವಂತ ಬಲದಿಂದ ನಿಲ್ಲದಿದ್ದಾಗ ಕಾಲ ಎಲ್ಲಿ ನಿಂತೀತು? ಇದು ರೇಖೆಯ ಖಂಡನೆ, ಆದರೆ ಚಕ್ರದ ಮಂಡನೆಯಲ್ಲ. ಈ ದಾರಿಯ ಕೊನೆಯವರೆಗೆ ನಾನು ಹೋಗಲಾರೆ, ಹೋದರೆ ಬಾವಿಯೂ ಶೂನ್ಯವಾಗುತ್ತದೆ. ಆದರೆ ಕಾಲ ವಸ್ತುಗಳನ್ನು ಬಿಟ್ಟು ಬೇರೆ ಇಲ್ಲವೆಂಬ ಆ ಒಂದು ಮಾತನ್ನು ದೊಡ್ಡಮ್ಮ ತಮ್ಮ ಪಾದಗಳಿಂದ ಅರಿತಿದ್ದರು. ಅವರಿಗೆ 1964 ಎಂಬುದು ದಣಪೆಯಲ್ಲಿ, ತಿರುವಿನಲ್ಲಿ, ಬಾವಿಕಟ್ಟೆಯ ಬಾಗಿನಲ್ಲಿ ಇತ್ತು. ಇಸವಿ ಕೇಳಿದರೆ ತಡವರಿಸುತ್ತಿದ್ದರು.

ಕೊಳಗ

ಬಾವಿಯ ವಿಷಯದಲ್ಲಿ ಒಂದು ಸಂಗತಿಯನ್ನು ನಾನು ಇಷ್ಟು ಹೊತ್ತು ಬಿಟ್ಟಿದ್ದೇನೆ. ಬೇರೆಯವರಿಗೆ ಈ ಕತೆಯನ್ನು ಹೇಳುವಾಗಲೂ ಬಿಡುತ್ತಲೇ ಬಂದಿದ್ದೆ. ಆ ದಿನ ದೊಡ್ಡಮ್ಮ ಬಾವಿಯ ಬಾಗನ್ನು ನೋಡಿದ ಮೇಲೆ ನಾಲ್ಕು ಮಾರು ಆಚೆಗೆ ಹೋಗಿ, ಅರ್ಧ ಹೂತಿದ್ದ ಒಂದು ಚಪ್ಪಡಿಯ ಮುಂದೆ ನಿಂತರು. ನಮ್ಮ ಗೇಣಿ ಒಕ್ಕಲಿನ ಹೆಂಗಸರು ಕೊಡವಿಟ್ಟುಕೊಂಡು ನಿಲ್ಲುತ್ತಿದ್ದ ಕಲ್ಲು ಅದು. ಅವರು ಹಗ್ಗ ಮುಟ್ಟುವಂತಿರಲಿಲ್ಲ. ಮನೆಯವರು ಸೇದಿ ಹೊಯ್ಯುವ ತನಕ ಕಾಯಬೇಕಿತ್ತು. ಕೆಲವು ದಿನ ಬಹಳ ಹೊತ್ತು ಕಾಯುತ್ತಿದ್ದರು ಎಂದು ದೊಡ್ಡಮ್ಮ ಹೇಳಿ ಸುಮ್ಮನಾದರು. ಮುಳುಗಡೆಯನ್ನು ನಮ್ಮ ಮನೆತನದ ನಷ್ಟದ ಕತೆಯಾಗಿ ಕೇಳಿ ಬೆಳೆದವನು ನಾನು. ಯಾವುದೋ ತಲೆಮಾರಿನ ಹಿರಿಯರು ಬಂದು ನೆಲೆಸಿದ್ದು, ಅಡಿಕೆ ಹಾಕಿದ್ದು, ಮನೆ ಕಟ್ಟಿದ್ದು, ನೀರು ಬಂದದ್ದು, ಬೇರೆ ಕಡೆ ಮತ್ತೆ ತೋಟ ಎಬ್ಬಿಸಿದ್ದು: ಒಂದು ದಾರದಲ್ಲಿ ಪೋಣಿಸಿದಂತೆ ಆ ಕತೆ ಇತ್ತು. ದಾರ ಎಲ್ಲೂ ಹರಿದಿರಲಿಲ್ಲ. ಆ ಚಪ್ಪಡಿ ಅದರಲ್ಲಿ ಎಲ್ಲೂ ಇರಲಿಲ್ಲ.

ಇತಿಹಾಸದ ಅಖಂಡತೆ ಯಾರ ಅಖಂಡತೆ ಎಂಬ ಪ್ರಶ್ನೆ ನನಗೆ ಪುಸ್ತಕದಿಂದ ಬರುವ ಮೊದಲು ಬಂದದ್ದು ಹೀಗೆ. ಗೆದ್ದವರ ಸೊತ್ತು ಕೈಯಿಂದ ಕೈಗೆ ಮೆರವಣಿಗೆಯಲ್ಲಿ ದಾಟುವುದನ್ನೇ ನಾವು ಪರಂಪರೆಯ ಹರಿವೆಂದು ಕಾಣುತ್ತೇವೆ, ನಾಗರಿಕತೆಯ ಯಾವ ದಾಖಲೆಯೂ ಅದೇ ಹೊತ್ತಿಗೆ ಅನಾಗರಿಕತೆಯ ದಾಖಲೆಯೂ ಆಗಿದೆ ಎಂಬುದು ಬೆಂಜಮಿನ್‌ರ ಬಹಳ ಕಠಿಣವಾದ ಮಾತು. 1969ರಲ್ಲಿ ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಬೇರೆ ದಾರಿಯಿಂದ ಬಂದು ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು: ಅಖಂಡ ಇತಿಹಾಸವು ತನ್ನನ್ನು ಕಟ್ಟಿಕೊಂಡ ಮನುಷ್ಯನಿಗೆ ಕೊಡುವ ಆಶ್ವಾಸನೆ, ಅವನ ಕೈ ತಪ್ಪಿದ್ದೆಲ್ಲವೂ ಒಂದು ದಿನ ಅವನಿಗೇ ಮರಳುತ್ತದೆ ಎಂಬುದು. ನಮ್ಮ ಮನೆತನದ ಕತೆ ನಮಗೆ ಕೊಟ್ಟಿದ್ದೂ ಅದನ್ನೇ.

ನಮ್ಮ ಸೀಮೆಯ ಜನ ಈ ಪ್ರಶ್ನೆಯನ್ನು ಇಬ್ಬರಿಗಿಂತಲೂ ನೇರವಾಗಿ ಎತ್ತಿದ್ದರು ಎಂದು ನನಗೆ ಅನ್ನಿಸುತ್ತದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕುಳಿತಾಗ, ಜಗಳದ ನಡುವೆ ಇದ್ದದ್ದು ಕೊಳಗ, ಗೇಣಿಯ ಭತ್ತ ಅಳೆಯುವ ಪಾತ್ರೆ. ಒಡೆಯರ ಕೊಳಗ ನಿಗದಿಯ ಅಳತೆಗಿಂತ ದೊಡ್ಡದು ಎಂಬುದು ಒಕ್ಕಲುಗಳ ದೂರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಬಂದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದು ಇಲ್ಲಿ ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದದ್ದು ಬೇರೆ. ಕೊಳಗ ನೋಡುವುದಕ್ಕೆ ಖಾಲಿ, ಯಾರ ಭತ್ತವನ್ನಾದರೂ ಸಮನಾಗಿ ಅಳೆಯುವ ಪಾತ್ರೆ. ಅದು ಸಮನಲ್ಲವೆಂದು ಗೊತ್ತಾಗುವುದು ಅದರಿಂದ ಅಳೆಸಿಕೊಂಡವರಿಗೆ. ಖಾಲಿಯಾದ ಸಮರೂಪಿ ಕಾಲ ಎಂದು ಓದುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಕೊಳಗ.

ಇಸವಿಗಳನ್ನು ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1951ರಲ್ಲಿ ಕಾಗೋಡು, 1974ರಲ್ಲಿ ಉಳುವವನನ್ನೇ ಹೊಲದೊಡೆಯನನ್ನಾಗಿಸಿದ ಭೂಸುಧಾರಣೆ. ರಾಜ್ಯದ ಇತಿಹಾಸ ಬರೆಯುವವರು ಇವೆರಡನ್ನೂ ಒಂದು ಗೆರೆಯಿಂದ ಸೇರಿಸುತ್ತಾರೆ, ಸೇರಿಸುವುದು ತಪ್ಪೂ ಅಲ್ಲ. ಆದರೆ ಆ ಗೆರೆಯ ನಡುವೆ 1964 ಇದೆ. ನಮ್ಮ ಬಾವಿಯ ಪಕ್ಕದ ಚಪ್ಪಡಿಯ ಮೇಲೆ ನಿಂತವರು ಉಳುತ್ತಿದ್ದ ಗದ್ದೆ, ಅವರದಾಗಬೇಕಿದ್ದ ಹತ್ತು ವರ್ಷ ಮೊದಲೇ ನೀರಿನಡಿಗೆ ಹೋಗಿತ್ತು. ಹೆಸರಿನಲ್ಲಿ ಪತ್ರವಿದ್ದ ನಮ್ಮ ಮನೆಗೆ ಪರಿಹಾರ ಬಂತು, ಕಡಿಮೆಯಾಯಿತೆಂದು ಇಂದಿಗೂ ನಮ್ಮಲ್ಲಿ ಕೊರಗಿದೆ. ಅವರಿಗೆ ಸೇರಬೇಕಾಗಿದ್ದ 1974 ಅವರಿಗೆ ಬರಲೇ ಇಲ್ಲ.

ಎಪ್ಪತ್ತೈದು ವರ್ಷ

ಇಷ್ಟು ಬರೆದ ಮೇಲೆ, ಕ್ಯಾಲೆಂಡರಿನ ಕಾಲವನ್ನು ತಿರಸ್ಕರಿಸಿಬಿಡಬೇಕೆಂಬ ಸೆಳೆತ ಹುಟ್ಟುತ್ತದೆ. ಅದಕ್ಕೆ ಮಣಿಯಲಾರೆ. ಮುಳುಗಡೆಯಾದವರಲ್ಲಿ ಬಹಳ ಮಂದಿಯನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆಗಳಲ್ಲಿ ಕಾಡಿನ ಜಾಗದಲ್ಲಿ ತಂದು ಇಳಿಸಲಾಯಿತು. ಅರವತ್ತು ವರ್ಷ ದಾಟಿದ ಮೇಲೂ ಅವರಲ್ಲಿ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ಓಡಾಡುತ್ತಿವೆ. ಆ ಓಡಾಟದಲ್ಲಿ ಅವರ ಕೈಯಲ್ಲಿರುವ ಏಕೈಕ ಬಲವೆಂದರೆ ತಾರೀಖು: ಯಾವ ಇಸವಿಯ ಆದೇಶ, ಯಾವ ವರ್ಷದ ಕಂದಾಯ ರಸೀದಿ, ಯಾವ ಮತದಾರರ ಪಟ್ಟಿ. ದೊಡ್ಡಮ್ಮನ ಪಾದಗಳ ಜ್ಞಾನವನ್ನು ಯಾವ ಮೇಜಿನ ಮೇಲೂ ಇಡಲಾಗದು. ಇತಿಹಾಸದ ಅಖಂಡತೆ ಭ್ರಮೆ ಎಂದು ಓದಿದವನು ನಾಲ್ಕು ಜನರ ಮುಂದೆ ಹೇಳಿಬಿಡಬಹುದು; ಒಂದು ಹರಿದ ರಸೀದಿಗಾಗಿ ಇಡೀ ಬೀರುವನ್ನು ಕೆಳಗಿಳಿಸಿ ಹುಡುಕುವವನ ಎದುರಿನಲ್ಲಿ ಆ ಮಾತು ನಾಲಗೆಗೆ ಬರುವುದಿಲ್ಲ.

ಆದರೆ ಅದೇ ತಾರೀಖು ಅವರ ಮೇಲೆ ಹೇಗೆ ತಿರುಗುತ್ತದೆ ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ ತಲೆಮಾರಿಗೆ ಇಪ್ಪತ್ತೈದರಂತೆ ಎಪ್ಪತ್ತೈದು ವರ್ಷ, ಅರಣ್ಯದಲ್ಲಿ ನೆಲೆಸಿ ಅದನ್ನೇ ನೆಚ್ಚಿ ಬದುಕಿದ್ದನ್ನು ತೋರಿಸಬೇಕು. 1964ರಲ್ಲಿ ಲಾರಿಯಿಂದ ಇಳಿದವರಿಗೆ 2005ಕ್ಕೆ ತುಂಬಿದ್ದು ನಲವತ್ತೊಂದು ವರ್ಷ. ಅದಕ್ಕೂ ಹಿಂದಿನ ಅವರ ತಲೆಮಾರುಗಳು ಎಲ್ಲಿದ್ದವು ಎಂಬುದಕ್ಕೆ ಉತ್ತರ ನೀರಿನಡಿಯಲ್ಲಿದೆ. ಒಬ್ಬರ ಬಾಳಿನ ದಾರವನ್ನು ಯೋಜನೆಗಾಗಿ ಕತ್ತರಿಸಿದ ಮೇಲೆ, ಅವರ ದಾರ ಅಖಂಡವಾಗಿದೆಯೇ ಎಂದು ಕಾನೂನು ಕೇಳುತ್ತದೆ. ಕಾನೂನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಅರಣ್ಯವಾಸಿಗಳಿಗೆ ನ್ಯಾಯ ಕೊಡುವ ಉದ್ದೇಶವೇ. ಎಲ್ಲ ಊರಿಗೂ ಒಂದೇ ಬಗೆಯ ಹಿಂದಣ ಕಾಲ ಇರುತ್ತದೆ, ಅದು ಎಲ್ಲೂ ತುಂಡಾಗದೆ ಇಂದಿನವರೆಗೆ ಬಂದಿರುತ್ತದೆ ಎಂಬ ಎಣಿಕೆ ಆ ಉದ್ದೇಶದೊಳಗೇ ಕುಳಿತಿತ್ತು.

ಆದ್ದರಿಂದ ಬೆಂಜಮಿನ್‌ರನ್ನು ನಾನು ಈಗ ಓದುವ ಬಗೆ ಬೇರೆಯಾಗಿದೆ. ತಾರೀಖುಗಳನ್ನು ಬಿಡಬೇಕೆಂದು ಅವರೂ ಹೇಳಲಿಲ್ಲ. ಎಣಿಕೆಯ ಮಾಲೆಯಿಂದ ಒಂದು ತಾರೀಖನ್ನು ಕಿತ್ತು ತೆಗೆದು, ಅದು ಇನ್ನೂ ಮುಗಿದಿಲ್ಲ ಎಂದು ಅದರ ಮೇಲೆ ಬೆರಳಿಟ್ಟು ನಿಲ್ಲುವುದು ಅವರು ಕೇಳಿದ ಕೆಲಸ. ಫ್ರೆಂಚ್ ಕ್ರಾಂತಿಯ ನಾಯಕ ರೋಬೆಸ್ಪಿಯರನಿಗೆ ಪ್ರಾಚೀನ ರೋಮ್ ಹಾಗಿತ್ತು, “ಈಗ”ಗಳಿಂದ ಕಿಕ್ಕಿರಿದ ಗತವಾಗಿತ್ತು ಎನ್ನುತ್ತಾರೆ. ಅಷ್ಟು ದೊಡ್ಡ ಉದಾಹರಣೆ ನನ್ನಲ್ಲಿಲ್ಲ. ನನ್ನಲ್ಲಿರುವುದು ಸ್ನೇಹಿತ ತಪ್ಪಾಗಿ ಕೇಳಿಸಿಕೊಂಡ ಒಂದು ಕ್ರಿಯಾಪದ. ದೊಡ್ಡಮ್ಮ “ಇದೆ” ಎಂದರು, ಅವನು ಅದನ್ನು ಮುಗಿಯದ ವಾಕ್ಯವೆಂದು ಕೇಳಿದ. ಇಬ್ಬರೂ ಸರಿಯಾಗಿಯೇ ಇದ್ದರು ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ದೊಡ್ಡಮ್ಮ ಪೇಪರಿನಲ್ಲಿ ಮೊದಲು ನೋಡುತ್ತಿದ್ದದ್ದು ಜಲಾಶಯಗಳ ನೀರಿನ ಮಟ್ಟವನ್ನು. ಲಿಂಗನಮಕ್ಕಿ, ಗರಿಷ್ಠ 1819 ಅಡಿ, ಪಕ್ಕದಲ್ಲಿ ಇಂದಿನ ಮಟ್ಟ. ಮಳೆಗಾಲದಲ್ಲಿ ಊರಿಗೆ ಊರೇ ಆ ಅಂಕಿ ಏರುವುದನ್ನು ಕಾಯುತ್ತದೆ, ತುಂಬಿದರೆ ಎಲ್ಲರಿಗೂ ಸಂತೋಷ, ಅವರೂ ಸಂತೋಷಪಡುತ್ತಿದ್ದರು. ಫೆಬ್ರವರಿಯ ನಂತರ ಮಾತ್ರ ಅವರು ಆ ಅಂಕಿಯನ್ನು ಓದುವ ಕ್ರಮ ಬದಲಾಗುತ್ತಿತ್ತು. ಇಂತಿಷ್ಟಕ್ಕೆ ಇಳಿದಾಗ ದೇವಸ್ಥಾನದ ಕಟ್ಟೆ, ಇನ್ನಷ್ಟು ಇಳಿದಾಗ ಕೆಳಗಿನ ಕೇರಿ, ಇನ್ನೂ ಇಳಿದರೆ ನಮ್ಮ ಅಂಗಳ ಎಂದು ಅಡಿಗಳನ್ನು ಮನೆಗಳಾಗಿ ಹೇಳುತ್ತಿದ್ದರು. ಬಾವಿಯ ಅಂಕಿಯನ್ನು ಪಂಚಾಂಗದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಅವರು ಹೋದ ಮೇಲೆ ಆ ಪಂಚಾಂಗವನ್ನು ನಾನು ತಂದಿಟ್ಟುಕೊಂಡಿದ್ದೇನೆ. ಚಪ್ಪಡಿಯ ಅಂಕಿ ಅದರಲ್ಲಿ ಬೇರೆಯಾಗಿ ಇಲ್ಲ. ಬಾವಿಗೂ ಅದಕ್ಕೂ ನಾಲ್ಕು ಮಾರಿನ ಅಂತರ, ನೆಲದ ಇಳಿಜಾರು ಬಹಳವಿಲ್ಲ. ಒಂದೆರಡು ಇಂಚಿನ ವ್ಯತ್ಯಾಸ ಇರಬಹುದು. ಅದರ ಕೆಳಗೆ ನಾನು ಅದನ್ನೂ ಬರೆದು ಸೇರಿಸಿದೆ.